ಬುಡದಲ್ಲಿ ತಾರೀಖು

ಏಣಿ ಅಲ್ಲಿಡಬೇಡ, ಝೊಂಬೋರ್, ಆ ಹಲಗೆ ಕುಂಟು.
ಈ ಕಡೆ ಬಾ. ಬೂಟು ಬಾಗಿಲಲ್ಲೇ ಇರಲಿ.
ನಾಲ್ಕು ಮಹಡಿ ಹತ್ತಿದ್ದೀಯ, ಮೊದಲು ನೀರು ಕುಡಿ.
ನಿನ್ನ ರಟ್ಟಿನ ಡಬ್ಬಿಯಲ್ಲಿ ಎಷ್ಟಿವೆ, ಏಳೇ?
ನನ್ನ ಮನೆಯಲ್ಲಿ ಎಂಟು ಹೋಲ್ಡರು.
ಇರಲಿ, ಉಗ್ರಾಣದ್ದು ಕೊನೆಗೆ ನೋಡೋಣ.

ತಿರುಗಿಸು. ಮೆಲ್ಲಗೆ.
ಗಾಜಿನ ಹೊಟ್ಟೆ ಅಮುಕಬೇಡ, ಲೋಹದ ಕುತ್ತಿಗೆ ಹಿಡಿ.
ಈಗ ಓದು, ಏನು ಗೀಚಿದೆ?
ದೀಪದ ಬುಡ ಕತ್ತಲು ಅನ್ನುತ್ತಾರೆ,
ನನ್ನ ದೀಪಗಳ ಬುಡದಲ್ಲಿ ತಾರೀಖು.
ಹಾಕಿದ ದಿನವೇ ಸೂಜಿಮೊನೆಯಲ್ಲಿ ಬರೆಯುತ್ತೇನೆ.
ಅಡುಗೆಮನೆಯದು ಹೋದ ಮಾರ್ಚಿನದು.
ಬಚ್ಚಲಿನದು ನಾಲ್ಕು ವರ್ಷದ ಹಿಂದಿನದು.
ಓಣಿಯದು ಒಂದು ಕ್ರಿಸ್ಮಸ್ ಹಿಂದಿನ ಸಂಜೆ,
ಮೀನು ಹುರಿಯುತ್ತಿದ್ದಾಗ ಪಟ್ಟೆಂದಿತು,
ಹಿಟ್ಟಿನ ಕೈಯಲ್ಲೇ ಹತ್ತಿ ಹಾಕಿದ್ದು,
ಅಂಕಿಯ ಪಕ್ಕ ಇನ್ನೂ ಬಿಳಿ ಇದೆಯಾ ನೋಡು.

ಅಂಗಡಿಗಳು ಇವನ್ನು ಮಾರುವುದು ನಿಲ್ಲಿಸಿದಾಗ
ಹಾಸಿಗೆಯಡಿ ಒಂದು ಪೆಟ್ಟಿಗೆ ತುಂಬಿಟ್ಟೆ.
ನಗಬೇಡ.
ಎರಡೇ ಉಳಿದಿವೆ, ಕರೆಂಟಿನ ಬಿಲ್ಲು ಬಂದ ದಿನ
ಅವೂ ನನ್ನ ಮುಖ ನೋಡುತ್ತವೆ.

ಮೂವತ್ತೊಂದು ವರ್ಷ, ಇದೇ ಉಯ್‌ಪೆಶ್ಟಿನಲ್ಲಿ,
ಮೂರನೇ ಶೆಡ್ಡು, ತಪಾಸಣೆಯ ಸಾಲು.
ಕೂದಲಿಗಿಂತ ತೆಳ್ಳನೆ ತಂತಿ,
ಸುರುಳಿ, ಸುರುಳಿಯ ಮೇಲೆ ಸುರುಳಿ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆವು,
ಕಣ್ಣಿಗೆಂದು ಅವರು ಕೊಟ್ಟದ್ದು ದಿನಕ್ಕೆ ಅರ್ಧ ಲೀಟರು ಹಾಲು.
ಸಾವಿರ ತಾಸು ಅದರ ಆಯಸ್ಸು.
ಹೋದದ್ದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ
ಒಳಗೆ ಒಂದು ಸಾಸಿವೆ ಉರುಳುತ್ತದೆ.

ಎಲ್ಲಿ, ನಿನ್ನದನ್ನು ಕೊಡು.
ಅಲ್ಲಾಡಿಸಿದೆ.
ಒಳಗೆ ಯಾರೂ ಇಲ್ಲ.
ಹಾಕು, ಹಾಕು, ಸುಮ್ಮನೆ ಅಂದೆ.

ಅಯ್ಯೋ!
ಈ ಗೋಡೆ ಹಸಿರಾ?
ಇಪ್ಪತ್ತು ವರ್ಷದಿಂದ ಹಳದಿ ಅಂದುಕೊಂಡಿದ್ದೇನೆ.
ವೆಂಡೆಲ್ ಹಸಿರು ಅನ್ನುತ್ತಿದ್ದ, ನಾನು ಹಳದಿ ಅನ್ನುತ್ತಿದ್ದೆ,
ಒಮ್ಮೆ ಎರಡು ದಿನ ಮಾತು ಬಿಟ್ಟಿದ್ದೆವು.
ಗೆದ್ದನಲ್ಲ ಮುದುಕ,
ಸತ್ತ ಒಂಬತ್ತನೇ ವರ್ಷಕ್ಕೆ.

ಎಷ್ಟು ಬಾಳುತ್ತದೆ ಅಂದೆ? ಹದಿನೈದು ವರ್ಷ?
ನನಗೀಗ ಎಪ್ಪತ್ತೊಂಬತ್ತು. ಕೂಡಿಸು.
ಕೂಡಿಸಿ ಸುಮ್ಮನಾದೆಯಲ್ಲ, ಒಳ್ಳೆಯ ಹುಡುಗ.
ತಪಾಸಣೆಯವರ ನಿಯಮ ಹಾಗಿರಲಿಲ್ಲ:
ದೀಪ ಹೋಗುವ ತನಕ ಎದುರಿಗೆ ಕೂತಿರಬೇಕು ನಾವು,
ಹೋದ ಗಳಿಗೆ ಬರೆದು, ಸಹಿ ಹಾಕಿ, ಆಮೇಲೆ ಏಳಬೇಕು.

ಇದರ ಮೇಲೆ ಸೂಜಿ ಜಾರುತ್ತದೆ, ಪ್ಲಾಸ್ಟಿಕ್ಕು.
ನಿನ್ನ ಪೆನ್ನಿನಲ್ಲಿ ಬರಿ. ಇವತ್ತಿನದು.
ಅಂಕಿ ದಪ್ಪಗಿರಲಿ.
ಇಳಿಸುವವರಿಗೆ ಕನ್ನಡಕ ಇರುತ್ತದೋ ಇಲ್ಲವೋ.

ಇನ್ನು ಉಗ್ರಾಣ. ಅಲ್ಲಿಗೆ ನಿನ್ನದು ಬೇಡ.
ಎಂಬತ್ತೇಳರ ನವೆಂಬರು ಅದು,
ನನ್ನ ಬೆಂಚಿನಿಂದಲೇ ಹೊರಬಿದ್ದದ್ದು.
ದಿನಕ್ಕೆ ಒಂದು ನಿಮಿಷ ಉರಿಯುತ್ತದೆ,
ಚೆರ್ರಿಯ ಜಾಡಿ ಕೈಗೆ ಸಿಗುವಷ್ಟು.
ಲೆಕ್ಕ ಹಾಕಿದ್ದೇನೆ, ಇನ್ನೂ ಮುನ್ನೂರು ತಾಸು ದಾಟಿಲ್ಲ.
ಅದರ ಪಾಲಿನ ಏಳುನೂರನ್ನು
ಯಾವ ಸರ್ಕಾರಕ್ಕೆ ಒಪ್ಪಿಸಲಿ?

ಉಳಿದವನ್ನು ಒಯ್ಯಿ.
ಬಟ್ಟೆ ಸುತ್ತಿಡು, ಒಂದಕ್ಕೊಂದು ತಾಗದಿರಲಿ.
ಜೀವವಿರುವಾಗಲೇ ಇಳಿಸಿದ್ದು ಇವನ್ನು.
ಬುಟ್ಟಿಯಲ್ಲಿರುವ ಆ ಒಂದು ಸತ್ತದ್ದು ಮಾತ್ರ ಬಿಡು,
ಅದು ಬೆಳಕಿನದಲ್ಲ ಈಗ, ಕಾಲುಚೀಲದ್ದು,
ಒಳಗೆ ತೂರಿಸಿ ಹೊಲಿದರೆ
ಹಿಮ್ಮಡಿ ಹಿಮ್ಮಡಿಯ ಹಾಗೇ ಬರುತ್ತದೆ.

ಏಣಿ ಮಡಿಸುವುದು ಆಮೇಲಾಗಲಿ.
ನೋಡು, ನಿನ್ನ ಬೆಳಕಿನಲ್ಲಿ
ದಾರ ಒಂದೇ ಸಲಕ್ಕೆ ಸೂಜಿಗೆ ಹೋಯಿತು.
ಎಷ್ಟು ಕಾಲವಾಗಿತ್ತು ಹೀಗೆ ಹೋಗಿ.

ಕೂತುಕೋ.
ಆ ಎಡಗಾಲಿನದು ಬಿಚ್ಚು ಇತ್ತ,
ಬೂಟು ಬಿಟ್ಟಾಗಲೇ ಕಂಡಿತ್ತು ಹೆಬ್ಬೆರಳು.