ನಮೂನೆ

ಬಾಟಲಿ ಬಂದದ್ದು ಬುಧವಾರ, ಊಟದ ಹೊತ್ತಿಗೆ.
ಚೀಟಿಯ ಮೇಲೆ: ಘಾಳೆಪ್ಪ, ನಲವತ್ತೊಂದು,
ಕಂಡಕ್ಟರ್, ಬೀದರ–ಔರಾದ.
ಕೆಳಗೆ ಸರ್ಜನ್ ಸಾಹೇಬರ ಕಾಗೆಕಾಲಿನ ಅಕ್ಷರ:
ಕರುಳುಪೊರೆಯ ಚೀಲ. ನಮೂನೆ ತಿಳಿಸಿ.

ಕರುಳುಪೊರೆ ಅಂದರೆ,
ಟ್ರೇನಿಂಗಿಗೆ ಬರುವ ಹುಡುಗಿಯರಿಗೆ ನಾನು ಹೇಳುವುದು ಹೀಗೆ,
ಬೆನ್ನಿನ ಗೋಡೆಗೆ ಸಿಕ್ಕಿಸಿದ ಸೀರೆಯ ನಿರಿಗೆ,
ಅಂಚಿನುದ್ದಕ್ಕೂ ಕರುಳು.
ಆ ನಿರಿಗೆಯೊಳಗೆ ಎಲ್ಲೋ ಒಂದು ಕಡೆ
ನೀರು ಕಟ್ಟಿ ನಿಲ್ಲುತ್ತದೆ. ಲಕ್ಷಕ್ಕೊಬ್ಬರಿಗೆ.

ಗುರುತು ಹಿಡಿಯುವುದು ಕೈಯಿಂದ.
ಮಲಗಿಸಿ, ಉಸಿರು ಬಿಡಿಸಿ, ಗಡ್ಡೆಯನ್ನು ಮೆಲ್ಲಗೆ ದೂಡಿದರೆ
ಅಡ್ಡಡ್ಡ ಸರಿಯುತ್ತದೆ,
ಉದ್ದುದ್ದ ಸರಿಯುವುದಿಲ್ಲ.
ಘಾಳೆಪ್ಪ ನಕ್ಕನಂತೆ ವಾರ್ಡಿನಲ್ಲಿ:
"ನಾ ಹದಿನೆಂಟು ವರ್ಷ ಬಡಕೊಂಡಿದ್ದೂ ಅದೇರಿ ಡಾಕ್ಟ್ರೇ,
ಬಾಜೂಕ ಸರೀರಿ, ಬಾಜೂಕ ಸರೀರಿ.
ಹಿಂದಕ ಹೋಗ್ರಿ ಅಂದ್ರ ಯಾರ ಹೋಗ್ತಾರ?"

ನಮೂನೆಗಳು ಬಹಳ.
ಕೊಬ್ಬಿನ ಹಾಲು ಹೊರುವ ನಾಳ
ಹುಟ್ಟುವಾಗಲೇ ದಾರಿ ತಪ್ಪಿ ಮಡು ಕಟ್ಟಿದ್ದು ಒಂದು,
ನೌಬಾದಿನ ಸುರಂಗಬಾವಿಯ ಹಾಗೆ:
ಮೇಲೆ ನಡೆಯುವವರಿಗೆ ಗೊತ್ತೇ ಇಲ್ಲ
ಕೆಳಗೆ ಎಲ್ಲಿ ಮಣ್ಣು ಕುಸಿದಿದೆ, ಎಲ್ಲಿ ನೀರು ತಡೆದಿದೆ.
ಅದಕ್ಕೆ ತನ್ನದೇ ನೆತ್ತರು. ಬೇರೆ ಒಲೆ ಹೂಡಿದ ತಮ್ಮ.
ಸಿಪ್ಪೆ ಸುಲಿದಂತೆ ಸುಲಿದು ತೆಗೆಯಬಹುದು.
ಇನ್ನೊಂದು ಕರುಳಿನಿಂದಲೇ ಕವಲೊಡೆದದ್ದು,
ಗೋಡೆ ದಪ್ಪ, ಒಳಗೆ ಲೋಳೆ,
ಕರುಳು ಉಣ್ಣುವ ನೆತ್ತರನ್ನೇ ಉಣ್ಣುವಂಥದ್ದು.
ಅದನ್ನು ತೆಗೆದರೆ ಗೇಣುದ್ದ ಕರುಳೂ ಹೋಗುತ್ತದೆ.
("ಎಷ್ಟು ಸ್ಟೇಜ್ ಕಟ್ ಮಾಡ್ತೀರಿ?" ಅಂದಿದ್ದನಂತೆ.)
ಮೂತ್ರದ ದಾರಿ ಕಟ್ಟಿ ಉಳಿದ ಚೂರುಪಾರಿನದು.
ಕೂದಲು, ಹಲ್ಲು ಬಚ್ಚಿಟ್ಟುಕೊಂಡದ್ದು:
ಒಂದೇ ಸಲ ಕಂಡಿದ್ದೇನೆ, ಹುಮನಾಬಾದಿನ ಹುಡುಗಿಯದು,
ಆ ರಾತ್ರಿ ರೊಟ್ಟಿ ಸೇರಲಿಲ್ಲ.
ನಾಯಿಯಿಂದ ಬರುವ ಹುಳದ್ದು. ಕ್ಷಯದ್ದು.

ಪುಸ್ತಕಗಳು ಒಂದಕ್ಕೊಂದು ಒಪ್ಪುವುದಿಲ್ಲ.
ಒಬ್ಬರು ಮೂಲ ನೋಡಿ ಎಣಿಸುತ್ತಾರೆ,
ಒಬ್ಬರು ಒಳಗಿನ ನೀರು ನೋಡಿ,
ಈಗಿನವರು ಒಳಪದರ ನೋಡಿ.
ಜನಗಣತಿಯ ಮಾಸ್ತರರು ಬದಲಾದಂತೆ
ಅದೇ ಮನೆ, ಬೇರೆ ಕಾಲಂ.

ಮೇಡಂ ಕೊಯ್ದರು. ಹಾಲಿರಲಿಲ್ಲ, ಲೋಳೆಯಿರಲಿಲ್ಲ.
ಬಸ್ಸಿನ ಸುಟ್ಟ ಎಣ್ಣೆಯಂಥ ಕಂದು.
ಮೇಣದಲ್ಲಿ ಹುಗಿದು, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊರೆದು
ಗಾಜಿನ ಮೇಲೆ ಹಾಸಿಕೊಟ್ಟೆ.
ಬಹಳ ಹೊತ್ತು ನೋಡಿದರು.
"ಒಳಪದರವೇ ಇಲ್ಲ ಎಸ್ತೇರ್. ಕಬ್ಬಿಣದ ಬಣ್ಣ ಹಾಕು."

ಹಾಕಿದೆ. ಗೋಡೆಯ ತುಂಬ ನೀಲಿ ಚುಕ್ಕೆ.
ಹಳೆಯ ನೆತ್ತರು ಬಿಟ್ಟುಹೋದ ಕಬ್ಬಿಣ.
ನಮ್ಮೂರ ನೆಲವನ್ನು ಕೆಂಪು ಮಾಡುವ ಕಬ್ಬಿಣವೇ
ಇಲ್ಲಿ ನೀಲಿ.
ಹುಟ್ಟಿನಿಂದ ಬಂದದ್ದಲ್ಲ, ಹೊಡೆತದ್ದು.
ಹುಸಿ ಚೀಲ ಅನ್ನುತ್ತದೆ ಪುಸ್ತಕ.
ಹುಸಿಯೇ ಇರಬಹುದು,
ಎಂಟುನೂರು ಗ್ರಾಂ ತೂಗಿತ್ತು.

ರಿಪೋರ್ಟಿಗೆ ತಾನೇ ಬಂದ, ಹೊಲಿಗೆಯ ಮೇಲೆ ಅಂಗೈ ಇಟ್ಟುಕೊಂಡು.
"ಹೊಟ್ಟಿಗಿ ಪೆಟ್ಟು ಬಿದ್ದಿತ್ತೇನ್ರಿ, ಹಿಂದ ಯಾವಾಗರ?"
"ಇಲ್ಲಕ್ಕಾ."
ಕಾಗದವನ್ನು ಟಿಕೆಟ್ಟಿನಂತೆ ಉದ್ದುದ್ದ ಮಡಚಿ
ಬೆರಳ ಸಂದಿಗೆ ಸಿಕ್ಕಿಸಿದ. ಬಾಗಿಲ ತನಕ ಹೋಗಿ ನಿಂತ.
"ಸಂತಪೂರ ಸ್ಟಾಪಿನಾಗ ಒಬ್ಬಾಂವ ಒದ್ದಿದ್ದ.
ಲಾಕ್‌ಡೌನಿನ ಮುಂಚಿ.
ಎರಡು ರೂಪಾಯಿ ಚಿಲ್ಲರ್ ಇರಲಿಲ್ಲ ನನ್ನ ಬಲ್ಲಿ.
ಬಸ್ ತುಂಬ ಮಂದಿ ಇದ್ರು. ಮನ್ಯಾಗ ಹೇಳಿಲ್ಲ."

ರಿಜಿಸ್ಟರಿನಲ್ಲಿ ನಮೂನೆಯ ಕಾಲಂ ಒಂದೂವರೆ ಇಂಚು.
ಪೆಟ್ಟಿನಿಂದ, ಎಂದು ಬರೆದೆ.
ಮಸಿ ಆರುವ ಮೊದಲೇ ಕಿಟಕಿಯಲ್ಲಿ ಮತ್ತೆ ಅವನ ಮುಖ:
"ಅಕ್ಕಾ, ಬ್ಯಾಗ್ ಇನ್ನ ಯಾವ ಭುಜಕ್ಕ ಹಾಕ್ಕೊಳ್ಳಿ?"