ಐದೂವರೆಯ ಗೇಟು

ಬೋರ್ಡಿನಲ್ಲಿ ಒಂಬತ್ತು ನಿಷೇಧಗಳಿವೆ,
ನಾಲ್ಕನೆಯದು ಸೈಕಲ್ಲು.
ಬರೆದವನು ನಾನೇ. ನಗರಸಭೆಯ ಹಸಿರು ಡಬ್ಬಿ ಸಾಲದೆ
'ಸವಾರಿ'ಯ ರಿ ಅರ್ಧಕ್ಕೇ ನಿಂತಿದೆ,
ಹಾಗೇ ಬಿಟ್ಟಿದ್ದೇನೆ.

ಮಾಗಿಯಲ್ಲಿ ಹಾಸನ ಬೆಳಗಾಗುವುದಿಲ್ಲ,
ಬೆಳ್ಳಗಾಗುತ್ತದೆ, ಅಷ್ಟೆ.
ನೀರಿನ ಟ್ಯಾಂಕು ಇಲ್ಲ, ಮಿನಾರಿನ ತುದಿ ಇಲ್ಲ,
ಬಿ.ಎಂ. ರಸ್ತೆಯ ಲಾರಿಗಳು ಬರೀ ಸದ್ದು.
ಅಂಥ ಹೊತ್ತಿನಲ್ಲಿ ಗೇಟಿನ ಸರಪಳಿ ಅಲುಗಿತು.
ಪೆನ್ಷನ್ ಮೊಹಲ್ಲಾದ ಮುಬೀನಾ, ಸೀರೆಗೆ ಫಾಲು ಪಿಕೋ ಹಾಕುವವರು.
ಹಿಂದೆ ನಿದ್ದೆಗಣ್ಣಿನ ಮಗಳು, ಹೆಗಲಲ್ಲಿ ಎಸ್ಸೆಸ್ಸೆಲ್ಸಿಯ ಭಾರ,
ಕೈಯಲ್ಲಿ, ಎಂಟರಲ್ಲಿದ್ದಾಗ ಸರ್ಕಾರ ಕೊಟ್ಟ ಸೈಕಲ್ಲು.

"ಆರಕ್ಕಲ್ವಾ ತೆಗೆಯೋದು?"
ಆರಕ್ಕೇ, ಅಂದೆ.
ಅಂದು, ಬೀಗ ತೆಗೆದೆ.

ನಲವತ್ತನಾಲ್ಕು ವರ್ಷದ ಮೊಣಕಾಲು
ಪೆಡಲಿಗೆ ಹೇಗೆ ಹೆದರುತ್ತದೆಂದು ನಾನು ನೋಡಲಿಲ್ಲ.
ನಲ್ಲಿ ತಿರುಗಿಸುತ್ತಿದ್ದೆ. ಇಲ್ಲದ ಕಳೆ ಕೀಳುತ್ತಿದ್ದೆ.
ಬೆನ್ನು ಮಾಡಿ ನಿಲ್ಲುವುದೂ ಒಂದು ಕೆಲಸ,
ಸಂಬಳದ ಚೀಟಿಯಲ್ಲಿ ಬರೆದಿಲ್ಲ.
ಬಿದ್ದ ಸದ್ದು ಮೊದಲು ಹೊಂಗೆಯ ಬುಡದಲ್ಲಿ,
ಆಮೇಲೆ ಕಾರಂಜಿಯ ಕಟ್ಟೆಗೆ
(ಅದು ಕೆಟ್ಟು ಮೂರು ವರ್ಷ, ಒದ್ದೆಯಾಗುವ ಭಯವಿಲ್ಲ),
ಆಮೇಲೆ ಮತ್ತೆ ಹೊಂಗೆಗೇ.
ಆಮೇಲೆ ಒಂದು ನಗು,
ತಾಯಿಯದೋ ಮಗಳದೋ, ಮಂಜಿನಲ್ಲಿ ತಿಳಿಯಲಿಲ್ಲ.

ರಸ್ತೆಯಲ್ಲಿ ಬಿದ್ದರೆ ಊರೇ ಎತ್ತಲು ಬರುತ್ತದೆ,
ಎತ್ತುತ್ತ ಎತ್ತುತ್ತ ಕೇಳುತ್ತದೆ:
ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ?
ಹುಲ್ಲು ಕೇಳುವುದಿಲ್ಲ.
ಬಿದ್ದವರು ಯಾವ ಗಲ್ಲಿಯವರು, ಯಾರ ಸೊಸೆ,
ಹುಲ್ಲಿಗೆ ಗೊತ್ತಿಲ್ಲ. ಸ್ವಲ್ಪ ಹಿಂಡಿಕೊಂಡು
ಮೊಣಕೈಗೆ ಒಂದಿಷ್ಟು ಹಸಿರು ಹತ್ತಿಸಿ ಕಳಿಸುತ್ತದೆ.

ಆ ವಾರವೇ ನಗರಸಭೆಯಿಂದ ಹುಡುಗನೊಬ್ಬ ಬಂದ,
ಕುತ್ತಿಗೆಗೆ ಕಾರ್ಡು, ಕೈಯಲ್ಲಿ ನಮೂನೆ.
ದಿನಕ್ಕೆ ಎಷ್ಟು ಜನ? ಯಾವ ಉದ್ದೇಶ?
ವಾಕಿಂಗು, ಅಂದೆ. ಬರೆದುಕೊಂಡ.
ದೊಡ್ಡಾಸ್ಪತ್ರೆಯಲ್ಲಿ ಮಲಗಿರುವವರ ಕಡೆಯವರು,
ಅರಕಲಗೂಡಿನವರು, ಆಲೂರಿನವರು,
ಬೇಲಿಗೆ ಟವಲು ಹರವಿ ಬುತ್ತಿ ಬಿಚ್ಚುತ್ತಾರೆ,
ವಾರ್ಡಿನಲ್ಲಿ ಅಳಬಾರದೆಂದು ಇಲ್ಲಿ ಬಂದು ಅಳುತ್ತಾರೆ, ಅಂದೆ.
'ವಿಶ್ರಾಂತಿ' ಅಂತ ಬರೆದ.
ದಾಯಾದಿಗಳಿಬ್ಬರು, ಕೋರ್ಟಿಗೆ ಹೋಗುವ ಮುಂಚೆ
ಬೇರೆ ಬೇರೆ ಬೆಂಚು. ಕಡಲೆಕಾಯಿ ಪೊಟ್ಟಣ ಮಾತ್ರ ಒಂದೇ,
ನಡುವೆ ಓಡಾಡಿಸುವುದಕ್ಕೆ ನಾನು.
ಪೆನ್ನು ಯೋಚಿಸಿತು. 'ಇತರೆ'.
ಐದೂವರೆಯದು ನಾನು ಹೇಳಲಿಲ್ಲ.
ಗೇಟು ತೆಗೆಯುವ ಮುಂಚೆ ಬಂದವರಿಗೆ ಕಾಲಂ ಇಲ್ಲ.

ಇಪ್ಪತ್ತಮೂರನೆಯ ಬೆಳಿಗ್ಗೆ ಇರಬೇಕು,
ಮಗಳು ಬೆಂಚಿನ ಮೇಲೆ, ರಸಾಯನಶಾಸ್ತ್ರ ತಲೆದಿಂಬು.
ಎಷ್ಟು ಹೊತ್ತಾದರೂ ಬೀಳುವ ಸದ್ದಿಲ್ಲ.
ಹೆದರಿ, ಮೊದಲ ಸಲ ತಿರುಗಿ ನೋಡಿದೆ.
ಮಂಜಿನ ಒಳಗೆಲ್ಲೋ ಚೈನಿನ ಕಿರುಗುಟ್ಟು,
ಹೊಂಗೆ ದಾಟಿತು, ಕಾರಂಜಿ ದಾಟಿತು,
ಬೋರ್ಡಿನ ಮುಂದೆ ಸ್ವಲ್ಪ ಓಲಿತು,
ಗೇಟನ್ನೂ ದಾಟಿತು.
"ಅಮ್ಮಿ ಎಲ್ಲಿ?" ಮಗಳು ಎದ್ದು ಕೇಳಿದಳು.
ರಸ್ತೆಯ ಕಡೆ ಕೈ ತೋರಿಸಿದೆ.
ಆ ಕೈಯಲ್ಲಿ ಪೈಪಿತ್ತು, ಇಬ್ಬರೂ ನೆನೆದೆವು.

ಈಗ ಅವರು ಬರುವುದಿಲ್ಲ.
ಹತ್ತು ಗಂಟೆಗೆ ಸಾಲಗಾಮೆ ರಸ್ತೆಯ ಅಂಗಡಿಗೆ ಹೋಗುತ್ತ,
ಕ್ಯಾರಿಯರಿನಲ್ಲಿ ಸೀರೆಗಳ ಗಂಟು,
ಗೇಟಿನ ನೇರಕ್ಕೆ ಎರಡು ಸಲ ಬೆಲ್ಲು.
ತಿರುಗಿ ನೋಡುವುದಿಲ್ಲ, ಇನ್ನೂ ಅಷ್ಟು ಧೈರ್ಯವಿಲ್ಲ,
ಬ್ಯಾಲೆನ್ಸು ತಪ್ಪೀತು.

ಹೊಂಗೆಯ ಬುಡದಲ್ಲಿ ಒಂದಾಳುದ್ದ ಬೋಳು.
ಇನ್‌ಸ್ಪೆಕ್ಷನ್ನಿಗೆ ಮುಂಚೆ ಹುಲ್ಲು ಹಾಕಿಸು, ಅಂದಿದ್ದಾರೆ.
ಹೂಂ ಅಂದಿದ್ದೇನೆ.
ನಾಲ್ಕು ಚೀಲ ಹುಲ್ಲಿನ ಹೆಂಟೆ ಶೆಡ್ಡಿನಲ್ಲಿವೆ,
ದಿನಾ ನೀರು ಚಿಮುಕಿಸುತ್ತೇನೆ, ಹಾಸಿಲ್ಲ.

ಐದೂವರೆಗೆ ಬೀಗ ತೆಗೆದು,
ಗೇಟಿಗೆ ಬೆನ್ನು ಮಾಡಿ
ನಲ್ಲಿ ತಿರುಗಿಸುತ್ತೇನೆ.