ಒಗೆಯಬಾರದಿತ್ತು

ಭಾನುವಾರ ಎವೊಡಿಯೊ ಮಲಗಿದ್ದಾಗ
ಅವನ ಕವಚ ನೆನೆಹಾಕಿದೆ.
ಪತ್ರಿಕೆಯವರು ಕೊಟ್ಟದ್ದು, ಎರಡೇ ಕಿಲೋ, ಬೆವರುನಾತ.
ಹೊಲಿಗೆ ಬಿಚ್ಚಿ ಒಳಪದರಗಳನ್ನೂ ತೆಗೆದು
ಸೋಪು, ಒಂದು ಮುಚ್ಚಳ ಬ್ಲೀಚು,
ಆಮೇಲೆ ತಾರಸಿಯ ತಂತಿಗೆ, ಕುಲಿಯಾಕಾನಿನ ಬಿಸಿಲಿಗೆ.

ಎದ್ದವನು ಬೈಯಲಿಲ್ಲ. ಕುರ್ಚಿ ಎಳೆದು ಕೂತ.
"ಪಿಸ್ತೂಲಿನ ಗುಂಡನ್ನು ಬಲೆ ಮೀನು ಹಿಡಿದ ಹಾಗೆ
ಹಿಡಿಯುತ್ತದೆ, ಕ್ರಿಸಾಂತಾ, ಈ ಹಳದಿ ನೂಲು.
ಆದರೆ ಬಿಸಿಲಿಗೆ ಸೋಲುತ್ತದೆ.
ಬ್ಲೀಚಿಗಂತೂ ಕೇಳಲೇಬೇಡ."

ನಕ್ಕುಬಿಟ್ಟೆ. ನಗಬಾರದಿತ್ತು.
ಮತ್ತೆ ಹೊಲಿಯಲು ಕೂತಾಗ ನೋಡಿದೆ:
ಗುಂಡಿಗೆ ಅಡ್ಡ ನಿಲ್ಲುವ ಎಳೆ
ಸೂಜಿಮೊನೆ ಕಂಡರೆ ಪಕ್ಕಕ್ಕೆ ಸರಿಯುತ್ತದೆ,
ಬಸ್ಸಿನಲ್ಲಿ ಮುದುಕಿಗೆ ಜಾಗ ಬಿಟ್ಟ ಹಾಗೆ.

"ರೈಫಲ್ಲಿಗೆ?"
"ರೈಫಲ್ಲಿಗೆ ಇದು ಬರೀ ಅಂಗಿ."
ಪಿಂಗಾಣಿ ಫಲಕ ಸಿಕ್ಕಿಸಿದರೆ ತಡೆಯುತ್ತದಂತೆ;
ಸಿಕ್ಕಿಸಿಕೊಂಡು ಓಡಲಾಗದಂತೆ;
ಕೈತಪ್ಪಿ ಬಿದ್ದರೆ ಒಳಗೊಳಗೇ ಬಿರುಕು,
ಹೊರಗೆ ಏನೂ ಕಾಣದು.
ಈ ಊರಲ್ಲಿ ಈಗ ಬರೀ ಪಿಸ್ತೂಲು ಹಿಡಿದು
ಯಾರು ಬರುತ್ತಾರೆ?

ಹೋದ ವರ್ಷ ಕವಚದಲ್ಲೇ ನಿಂತ ಗುಂಡು
ಅವನ ಪಕ್ಕೆಯ ಮೇಲೆ ಒಂದು ತಿಂಗಳು
ಬದನೆಕಾಯಿ ಬಣ್ಣದಲ್ಲಿ ಕೂತಿತ್ತು.
ಎಣ್ಣೆ ಹಚ್ಚಿದವಳು ನಾನೇ.
ತಡೆದದ್ದೂ ಅಷ್ಟಿಷ್ಟು ಒಳಗೆ ಬರುತ್ತದೆ.

ಸೋಮವಾರ ಬೆಳಗಿನ ಐದಕ್ಕೆ ಫೋನು.
ಅದನ್ನೇ ತೊಟ್ಟ. ಬೇರೆ ಇರಲಿಲ್ಲ.
ಪಟ್ಟಿ ಬಿಗಿಯುವಾಗ ನನ್ನ ಬೆರಳು ತಡವರಿಸಿತು;
ಅವನು ಕತ್ತು ಬಗ್ಗಿಸಿ ಮೂಸಿದ.
"ಘಮ್ಮಂತಿದೆ" ಅಂದ,
ಕ್ಯಾಮೆರಾ ಹೆಗಲಿಗೆ ಹಾಕಿಕೊಳ್ಳುತ್ತಾ.